ಹಂಚಿನ ಮಾಡಿಗೂ ಸೌರಫಲಕ: ನಮ್ಮ ಮನವಿ ಎಲ್ಲಿಗೆ ಬಂತು

ಉಡುಪಿ ಕರಾವಳಿಯ ಮಲ್ಪೆ, ಕಿದಿಯೂರು ಕಡೆಯ ಹಂಚಿನ ಮನೆಗಳಿಗೂ ಬಾಡಿಗೆದಾರರಿಗೂ ಸೌರ ವಿದ್ಯುತ್ತಿನ ಸಹಾಯಧನ ದಕ್ಕಬೇಕೆಂದು ನಾವು ಕೆಲವು ಗೆಳೆಯರು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸುತ್ತಿರುವ ಮನವಿಯ ಕರಡು ಈ ವಾರ ಒಂದು ಹದಕ್ಕೆ ಬಂದಿದೆ. ಮನೆಗಳ ಮಾಹಿತಿ ಕಲೆಹಾಕಿ ಆಗಿದೆ. ಬೇಡಿಕೆಗಳನ್ನು ಖಚಿತವಾಗಿ ಬರೆಯುವ ಕೆಲಸ ನಡೆಯುತ್ತಿದೆ.

ಮನೆಯ ಮಾಡಿನ ಮೇಲೆ ಸೌರಫಲಕ ಹಾಕಿಸಲು ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅದು ಖಾತೆಗೆ ಬರುವುದು ಘಟಕ ಅಳವಡಿಸಿದ ಮೇಲೆ. ಕೈಯಲ್ಲಿ ಹಣವಿಲ್ಲದವರು ಮೊದಲು ಬ್ಯಾಂಕ್ ಸಾಲ ಮಾಡಬೇಕು. ಸ್ವಂತ ತಾರಸಿ, ತನ್ನದೇ ಹೆಸರಿನ ಮೀಟರು, ಬ್ಯಾಂಕು ಒಪ್ಪುವ ಕಾಗದಪತ್ರ ಇದ್ದವರಿಗೆ ಇದು ನಿಜಕ್ಕೂ ದೊಡ್ಡ ನೆರವು. ಉಳಿದವರ ಸ್ಥಿತಿ ಬೇರೆ.

ಕಿದಿಯೂರಿನ ಒಂದು ಮನೆಯ ಮಾಡನ್ನು ಹತ್ತಿ ನೋಡಿದೆವು. ಫಲಕದ ಕೊಕ್ಕೆಯನ್ನು ಹಂಚಿಗೆ ಬಿಗಿಯುವಂತಿಲ್ಲ. ಹಂಚು ಸರಿಸಿ, ಅದನ್ನು ಹೊತ್ತಿರುವ ಕೆಳಗಿನ ಮರದ ಪಕ್ಕಾಸಿಗೇ ಬಿಗಿಯಬೇಕು. ಅಲ್ಲಿ ಪಕ್ಕಾಸಿನ ತುದಿಗೆ ಗೆದ್ದಲು ಹಿಡಿದು, ಹೆಬ್ಬೆರಳು ಒತ್ತಿದರೆ ಮರ ಪುಡಿಯಾಗಿ ಉದುರುತ್ತಿತ್ತು. ಜೊತೆಗೆ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣದ ಚೌಕಟ್ಟು ಬಾಳುವುದಿಲ್ಲ. ಮಾಡಿನ ದುರಸ್ತಿಯನ್ನು ಲೆಕ್ಕಕ್ಕೆ ಹಿಡಿಯದ ಸಹಾಯಧನ ಆ ಮನೆಯವರ ಪಾಲಿಗೆ ಇದ್ದೂ ಇಲ್ಲದಂತೆ. ಆದ್ದರಿಂದ ಶಾಲೆ, ಪಂಚಾಯತಿ ಕಟ್ಟಡಗಳ ಮೇಲೆ ಸಾಮೂಹಿಕ ಘಟಕ ಹಾಕಿ, ಉತ್ಪಾದನೆಯ ಪಾಲನ್ನು ಇಂತಹ ಮನೆಗಳ ಬಿಲ್ಲಿನಲ್ಲಿ ಕಳೆಯಬೇಕೆಂಬುದು ನಮ್ಮ ಮೊದಲ ಒತ್ತಾಯ.

ಎರಡನೆಯದು ಸಾಲದ ಕಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟಿನಲ್ಲಿ ದುಡಿಯುವವರಿಗೆ ಸಂಪಾದನೆ ನಿಲ್ಲುವ ಆ ದಿನಗಳಲ್ಲೇ ಮಳೆಮೋಡದಿಂದಾಗಿ ಫಲಕದ ಉತ್ಪಾದನೆಯೂ ಕುಸಿಯುತ್ತದೆ. ಆ ಎರಡು ತಿಂಗಳು ಕಂತು ಕೇಳಬಾರದು. ಇದು ಅತಿಯಾದ ಬೇಡಿಕೆಯೇನಲ್ಲ: 1995ರಲ್ಲಿ ಸೆಲ್ಕೋ ಎಂಬ ಸೌರ ವಿದ್ಯುತ್ ಸಂಸ್ಥೆ ಆರಂಭಿಸಿದ ಹರೀಶ್ ಹಂದೆಯವರು ಬಡವರ ಗಳಿಕೆಯ ಕ್ರಮಕ್ಕೆ ಕಂತನ್ನು ಹೊಂದಿಸಬಹುದೆಂದು ನಮ್ಮ ರಾಜ್ಯದಲ್ಲೇ ತೋರಿಸಿಕೊಟ್ಟಿದ್ದಾರೆ.

ತುಮಕೂರು ಜಿಲ್ಲೆಯ ಪಾವಗಡದ ಉದಾಹರಣೆಯನ್ನೂ ಮನವಿಯಲ್ಲಿ ಸೇರಿಸಿದ್ದೇವೆ. 2,050 ಮೆಗಾವಾಟಿನ ಆ ಸೌರ ಪಾರ್ಕಿಗೆ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ರೈತರಿಗೆ ವರ್ಷವರ್ಷವೂ ಹಣ ಬರುತ್ತಿದೆ, ಅದು ಒಳ್ಳೆಯದೇ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಆಸ್ತಿಯಿದ್ದವರಿಗಷ್ಟೇ ತಲುಪುವ ಹಸಿರು ಇಂಧನವನ್ನು ನ್ಯಾಯವೆಂದು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ನಮ್ಮ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ನಂಬಿರುವ ಗುತ್ತಿಗೆ ಕಾರ್ಮಿಕರ ಮುಂದಿನ ಬದುಕಿನ ಪ್ರಶ್ನೆಯನ್ನು ಪ್ರತ್ಯೇಕ ಮನವಿಗೆ ಬಿಟ್ಟಿದ್ದೇವೆ.

ಒಂದು ತೊಡಕು ಉಳಿದಿದೆ. ಗೃಹಜ್ಯೋತಿಯಿಂದ ಬಿಲ್ಲು ಶೂನ್ಯವಾಗಿರುವ ಮನೆಗೆ ಸೌರ ಘಟಕದಿಂದ ಉಳಿತಾಯವೇ ಆಗದಿದ್ದರೆ ಕಂತು ಕಟ್ಟುವುದು ಯಾವ ಹಣದಲ್ಲಿ? ಹೆಚ್ಚುವರಿ ವಿದ್ಯುತ್ತಿನ ಮಾರಾಟದ ಹಣದಲ್ಲಿ ಆ ಮನೆಗಳಿಗೂ ಪಾಲು ಸಿಗುವಂತೆ ಒಂದು ಪರಿಚ್ಛೇದವನ್ನು ಈಗ ಬರೆಯುತ್ತಿದ್ದೇವೆ.