ಸ್ಕೋಪ್ಯೆ: ಮದರ್ ತೆರೇಸಾ ಹುಟ್ಟಿದ ಊರಿಗೆ ಹೋಗುವವರಿಗೆ

ಕೋಲ್ಕತ್ತಾದ ಮದರ್ ಹೌಸ್ ನೋಡಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮದರ್ ತೆರೇಸಾ ಹುಟ್ಟಿದ್ದು ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಯಲ್ಲಿ. ಆಗ್ನೇಯ ಯೂರೋಪಿನ ಬಾಲ್ಕನ್ ಕಡೆ ಹೋಗುವವರು ಅಲ್ಲಿಗೆ ಒಂದು ದಿನ ಇಟ್ಟುಕೊಳ್ಳಿ, ಸಾಕು.

ಮೊದಲು ವೀಸಾ. ಚಾಲ್ತಿಯಲ್ಲಿರುವ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ, ಹಲವು ಸಲ ಹೋಗಿಬರಬಹುದಾದ ವೀಸಾ) ಇದ್ದರೆ ಸ್ವಲ್ಪ ದಿನಗಳ ಮಟ್ಟಿಗೆ ಬೇರೆ ವೀಸಾ ಬೇಡ ಎಂಬ ನಿಯಮವಿದೆ. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ನಮ್ಮಿಂದ ನೇರ ವಿಮಾನವಿಲ್ಲ, ಇಸ್ತಾನ್‌ಬುಲ್ ಮೇಲೆ ಹೋಗುವುದು ಸುಲಭ. ಅಲ್ಲಿನ ಹಣ ದೆನಾರ್. ಒಂದು ಯೂರೋಗೆ ಸುಮಾರು 61 ದೆನಾರ್ ಸಿಗುತ್ತದೆ.

ಹುಟ್ಟಿದ ಮನೆ ನೋಡುತ್ತೇವೆ ಅಂದುಕೊಂಡು ಹೋಗಬೇಡಿ, ಆ ಮನೆ ಈಗಿಲ್ಲ. ಮ್ಯಾಸಿಡೋನಿಯಾ ಚೌಕದಿಂದ ಜಿ.ಟಿ.ಸಿ. ಶಾಪಿಂಗ್ ಸೆಂಟರ್ ಕಡೆ ಹೋಗುವಾಗ, ಮನೆಯಿದ್ದ ಜಾಗವನ್ನು ಗುರುತಿಸುವ ಸ್ಮಾರಕ ಫಲಕ ಸಿಗುತ್ತದೆ. 1910ರ ಆಗಸ್ಟ್ 26ರಂದು ಗೊಂಜಾ ಬೊಯಾಜಿಯು ಎಂಬ ಮಗು ಹುಟ್ಟಿದ್ದು ಇಲ್ಲೇ. ಆಗ ಈ ಊರು ಆಟೊಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಚೌಕದಲ್ಲಿ ಕುದುರೆ ಏರಿದ ಯೋಧನ ದೈತ್ಯ ಪ್ರತಿಮೆಯಿದೆ, ಎಲ್ಲರ ಕ್ಯಾಮೆರಾ ಅತ್ತಲೇ ತಿರುಗಿರುತ್ತದೆ. ಪಕ್ಕದ ಈ ಫಲಕವನ್ನು ಹುಡುಕಿಕೊಂಡೇ ಹೋಗಬೇಕು. ದಾರಿ ಕೇಳುವಾಗ 'ಮಾಯ್ಕಾ ತೆರೆಜಾ' ಅನ್ನಿ, ಆದರೆ ಹೆಚ್ಚಿನವರು ಕೈ ತೋರಿಸುವುದು ಸ್ಮಾರಕ ಭವನದ ಕಡೆಗೆ. ಎರಡೂ ಬೇರೆ ಬೇರೆ ಜಾಗ, ನಡುವೆ ಕೆಲವೇ ನಿಮಿಷದ ನಡಿಗೆ.

ಭವನ ಇರುವುದು ಮ್ಯಾಸಿಡೋನಿಯಾ ರಸ್ತೆಯಲ್ಲಿ. ಚೌಕದಿಂದ ದಕ್ಷಿಣಕ್ಕೆ ಹೋಗುವ, ವಾಹನಗಳಿಲ್ಲದ ಬೀದಿ ಅದು. ಹುಟ್ಟಿದ ಮಾರನೆಯ ದಿನವೇ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ಚರ್ಚ್ ಈ ಜಾಗದಲ್ಲೇ ಇತ್ತು. 1963ರ ಭೂಕಂಪದಲ್ಲಿ ಅದು ನಾಶವಾಯಿತು, 2009ರಲ್ಲಿ ಅಲ್ಲಿ ಭವನ ತೆರೆಯಿತು. ಹೊರಗಿನ ನೋಟ ನನಗೇನೂ ಹಿಡಿಸಲಿಲ್ಲ. ಒರಟು ಕಲ್ಲು, ಗಾಜು, ಕಬ್ಬಿಣ ಎಲ್ಲ ಒಂದರ ಮೇಲೊಂದು ಹೇರಿದಂತಿದೆ. ಒಳಗೆ ಹೋದ ಮೇಲೆ ಆ ಬೇಸರ ಹೋಯಿತು. ಮೇಲಿನ ಪ್ರಾರ್ಥನಾ ಮಂದಿರದ ಗೋಡೆಗಳು ಗಾಜಿನವು, ಅದರ ಮೇಲೆ ಈ ಭಾಗದ ಅಕ್ಕಸಾಲಿಗರ ತಂತಿ ಕುಸುರಿಯ ಮಾದರಿಯ ಚಿತ್ತಾರ. ಬೆಳಗಿನ ಬಿಸಿಲಿದ್ದಾಗ ಹೋಗಿ. ಆ ಕಾಲದ ಮನೆ ಹೇಗಿತ್ತೆಂದು ತೋರಿಸುವ ಕೋಣೆ, ನಮಗೆಲ್ಲ ಗುರುತಿರುವ ನೀಲಿ ಅಂಚಿನ ಬಿಳಿ ಸೀರೆ, ಹಳೆಯ ಫೋಟೊಗಳನ್ನೂ ನೋಡಬಹುದು. ಪ್ರವೇಶಕ್ಕೆ ದುಡ್ಡಿಲ್ಲ. ವಾರಾಂತ್ಯದಲ್ಲಿ ಬಾಗಿಲು ಹಾಕುವ ವೇಳೆ ಮೊದಲೇ ವಿಚಾರಿಸಿಕೊಳ್ಳಿ.

ಇಷ್ಟಕ್ಕೇ ವಾಪಸ್ ಬರಬೇಡಿ. ಅದೇ ಬೀದಿಯಲ್ಲಿ ಮುಂದೆ ನಡೆದರೆ ತುದಿಯಲ್ಲಿ ಹಳೆಯ ರೈಲು ನಿಲ್ದಾಣ. ಒಂದು ಭಾಗ ಕುಸಿದ ಆ ಕಟ್ಟಡದಲ್ಲೀಗ ನಗರ ವಸ್ತುಸಂಗ್ರಹಾಲಯವಿದೆ. ಮುಂಭಾಗದ ದೊಡ್ಡ ಗಡಿಯಾರದ ಮುಳ್ಳುಗಳು 5 ಗಂಟೆ 17 ನಿಮಿಷಕ್ಕೆ ನಿಂತಿವೆ. 1963ರ ಜುಲೈ 26ರ ಬೆಳಗ್ಗೆ ಭೂಮಿ ನಡುಗಿದ್ದು ಆಗಲೇ. ಸಾವಿರಕ್ಕೂ ಹೆಚ್ಚು ಜನ ಸತ್ತರು, ಊರಿನ ಬಹುಪಾಲು ನೆಲಸಮವಾಯಿತು. 1928ರಲ್ಲಿ ಹದಿನೆಂಟರ ಹುಡುಗಿ ಬಿಟ್ಟು ಹೋದ ಸ್ಕೋಪ್ಯೆ ನಮಗೆ ಯಾಕೆ ಕಾಣಸಿಗುವುದಿಲ್ಲ ಎಂಬುದು ಈ ಗಡಿಯಾರದ ಮುಂದೆ ನಿಂತಾಗ ಅರ್ಥವಾಗುತ್ತದೆ. ಫಲಕ, ಭವನ, ಗಡಿಯಾರ, ಇದೇ ಕ್ರಮದಲ್ಲಿ ನೋಡಿ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಕಲ್ಲಿನ ಸೇತುವೆ ದಾಟಿದರೆ ಹಳೇ ಬಜಾರ್, ಅಲ್ಲಿ 'ತಾವ್ಚೆ ಗ್ರಾವ್ಚೆ' ಕೇಳಿ. ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಬೀನ್ಸ್ ಕಾಳು, ನಮ್ಮ ಹುಳಿಯಷ್ಟು ಖಾರ ಇರುವುದಿಲ್ಲ. ಕೆಲವು ಕಡೆ ಮೇಲೆ ಸಾಸೇಜ್ ಇಟ್ಟು ಕೊಡುತ್ತಾರೆ, ಮಾಂಸ ಬೇಡ ಎಂದು ಮೊದಲೇ ಹೇಳಿಬಿಡಿ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು ನಮ್ಮ ಕಲಬುರಗಿಯನ್ನು ನೆನಪಿಸುತ್ತದೆ. ಮೇ ಅಥವಾ ಸೆಪ್ಟೆಂಬರ್ ವಾಸಿ. ಸಮಯ ಉಳಿದರೆ ಬಸ್ಸಿನಲ್ಲಿ ಕೊಸೊವೊದ ಪ್ರಿಸ್ಟಿನಾಗೂ ಹೋಗಬಹುದು, ಅಲ್ಲಿ ಇದೇ ಸಂತಳ ಹೆಸರಿನ ದೊಡ್ಡ ಕ್ಯಾಥೆಡ್ರಲ್ ಇದೆ. ಗಡಿ ದಾಟಬೇಕಾದ್ದರಿಂದ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.