ಹಡಗಿನ ಜೊತೆ ಮುಳುಗಿದ ವಂಶಾವಳಿ

ಐಸ್‌ಬರ್ಗ್‌ಗೆ ಡಿಕ್ಕಿ ಹೊಡೆದ ಹಡಗು ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಟೈಟಾನಿಕ್. ನಾನಿರುವ ಡೆನ್ಮಾರ್ಕ್‌ನಲ್ಲಿ, ಅದರಲ್ಲೂ ಇಲ್ಲಿ ನೆಲೆಸಿರುವ ಗ್ರೀನ್‌ಲ್ಯಾಂಡ್ ಜನರನ್ನು ಕೇಳಿದರೆ, ಅವರು ಹೇಳುವ ಹೆಸರು ಬೇರೆ. ಹಾನ್ಸ್ ಹೆಡ್‌ಟಾಫ್ಟ್. 1959ರ ಜನವರಿ 30ರಂದು ಮುಳುಗಿತು. ಅದರಲ್ಲಿದ್ದ 95 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಹಡಗು ಎಲ್ಲಿ ಬಿದ್ದಿದೆ ಅನ್ನುವುದು ಇವತ್ತಿಗೂ ಪತ್ತೆಯಾಗಿಲ್ಲ.

ಟೈಟಾನಿಕ್‌ನ ಹಾಗೆ ಇದಕ್ಕೂ ಅದು ಮೊದಲ ಯಾನ. ವರ್ಷವಿಡೀ ಗ್ರೀನ್‌ಲ್ಯಾಂಡಿಗೆ ಓಡಾಡಲಿ ಅಂತಲೇ ಕಟ್ಟಿಸಿದ ಹೊಚ್ಚ ಹೊಸ ಹಡಗು. ಮಂಜುಗಡ್ಡೆ ತಡೆಯಲು ಮುಂಭಾಗ, ಹಿಂಭಾಗ ಗಟ್ಟಿ ಮಾಡಿದ್ದರು, ತಳ ಎರಡು ಪದರದ್ದು, ಒಳಗೆ ನೀರು ನುಗ್ಗದ ಹಾಗೆ 7 ವಿಭಾಗಗಳು. ಇಷ್ಟೆಲ್ಲ ಇದ್ದರೆ ಯಾರಿಗೆ ತಾನೇ ಧೈರ್ಯ ಬರುವುದಿಲ್ಲ, ಅಲ್ವಾ? ಆದರೆ ಅದರ ಉಕ್ಕಿನ ಹಾಳೆಗಳನ್ನು ವೆಲ್ಡಿಂಗ್ ಮಾಡಿರಲಿಲ್ಲ, ರಿವೆಟ್ ಅನ್ನುವ ಲೋಹದ ಮೊಳೆ ಹೊಡೆದು ಜೋಡಿಸಿದ್ದರು. ಮಂಜುಗಡ್ಡೆಯ ಹೊಡೆತಕ್ಕೆ ಈ ಜೋಡಣೆ ಸಾಕೇ ಅಂತ ಆಮೇಲೆ ದೊಡ್ಡ ಚರ್ಚೆ ನಡೆಯಿತು. ಚಳಿಗಾಲದಲ್ಲಿ ಪ್ರಯಾಣಿಕರನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೇ ತಪ್ಪು ಅಂದವರೂ ಇದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಜನವರಿ 7ಕ್ಕೆ ಕೋಪನ್‌ಹೇಗನ್ ಬಿಟ್ಟ ಹಡಗು ಗ್ರೀನ್‌ಲ್ಯಾಂಡಿನ ಕೆಲವು ಊರುಗಳನ್ನು ಮುಟ್ಟಿ, 29ರ ರಾತ್ರಿ ಈಗ ಕಕಾರ್ಟಾಕ್ ಎಂದು ಕರೆಯುವ ಊರಿನಿಂದ ವಾಪಸ್ ಹೊರಟಿತು. ಮಕ್ಕಳು ಮರಿ ಸೇರಿ 55 ಪ್ರಯಾಣಿಕರು, 40 ಮಂದಿ ಸಿಬ್ಬಂದಿ. ಮರುದಿನ ದಕ್ಷಿಣದ ತುದಿ ಕೇಪ್ ಫೇರ್‌ವೆಲ್ ಸುತ್ತಬೇಕಿತ್ತು. ಆ ಜಾಗವೇ ಕೆಟ್ಟದ್ದು. ಉತ್ತರ ಧ್ರುವದ ಕಡೆಯಿಂದ ಬರುವ ಸಮುದ್ರದ ಪ್ರವಾಹ ಪೂರ್ವ ತೀರದುದ್ದಕ್ಕೂ ಮಂಜುಗಡ್ಡೆ ಹೊತ್ತು ತಂದು ಅದೇ ತುದಿಯನ್ನು ಬಳಸಿ ಆಚೆ ಹೋಗುತ್ತದೆ. ಗುಡ್ಡದಂಥ ಐಸ್‌ಬರ್ಗ್ ಆದರೂ ರಾಡಾರ್‌ನಲ್ಲಿ ಕಾಣಿಸುತ್ತದೆ. ಅದರಿಂದ ಒಡೆದು ಬಿದ್ದ ತುಂಡುಗಳದ್ದೇ ತೊಂದರೆ. ನೀರಿನ ಮೇಲೆ ಕಾಣುವುದು ಸ್ವಲ್ಪವೇ, ಉಳಿದದ್ದೆಲ್ಲ ಕೆಳಗೆ. ಅಲೆ ಹೊಡೆದು ಹೊಡೆದು ನಯವಾಗಿರುತ್ತದೆ, ಬಿರುಗಾಳಿಗೆ ಎದ್ದ ಅಲೆಗಳ ನಡುವೆ ಅಲೆ ಯಾವುದು, ಮಂಜುಗಡ್ಡೆ ಯಾವುದು ಅಂತ ಆ ಕಾಲದ ರಾಡಾರ್‌ಗೂ ಗೊತ್ತಾಗುತ್ತಿರಲಿಲ್ಲ, ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ 2 ಗಂಟೆಗೆ ಸ್ವಲ್ಪ ಮುಂಚೆ ರೇಡಿಯೊ ಸಂದೇಶ ಬಂತು, ಐಸ್‌ಬರ್ಗ್‌ಗೆ ಡಿಕ್ಕಿಯಾಗಿದೆ ಅಂತ. ಒಂದು ಗಂಟೆ ಕಳೆಯುವಷ್ಟರಲ್ಲಿ ಎಂಜಿನ್ ರೂಮಿಗೆ ನೀರು ನುಗ್ಗುತ್ತಿದೆ ಅನ್ನುವ ಸುದ್ದಿ. ಸಂಜೆ, ನಿಧಾನವಾಗಿ ಮುಳುಗುತ್ತಿದ್ದೇವೆ ಅನ್ನುವ ಸಂದೇಶ. 6 ಗಂಟೆಯ ಆಸುಪಾಸಿನಲ್ಲಿ ಎಲ್ಲ ನಿಂತುಹೋಯಿತು. ಮೊದಲು ಓಡಿ ಬಂದದ್ದು ಜರ್ಮನಿಯ ಯೋಹಾನೆಸ್ ಕ್ರೂಸ್ ಅನ್ನುವ ಮೀನುಗಾರಿಕಾ ಟ್ರಾಲರ್. ಕತ್ತಲಲ್ಲಿ, ಬಿರುಗಾಳಿಯಲ್ಲಿ, ತನ್ನ ಜೀವವನ್ನೂ ಪಣಕ್ಕಿಟ್ಟು ಹುಡುಕಿತು. ಏನೂ ಸಿಗಲಿಲ್ಲ. ಅಂದು ಅಷ್ಟು ಧೈರ್ಯ ತೋರಿಸಿದ ಆ ಟ್ರಾಲರ್ ಕೂಡ 1967ರಲ್ಲಿ ಗ್ರೀನ್‌ಲ್ಯಾಂಡ್ ಹತ್ತಿರವೇ ತನ್ನವರೆಲ್ಲರ ಜೊತೆ ಕಣ್ಮರೆಯಾಯಿತು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಹಡಗು, ವಿಮಾನ ಎಲ್ಲ ಸೇರಿ ಒಂದು ವಾರ ಹುಡುಕಿ ಕೈಬಿಟ್ಟರು. ಅಕ್ಟೋಬರ್‌ನಲ್ಲಿ, ನೀರಿಗೆ ಬಿದ್ದವರಿಗೆ ಎಸೆಯುವ ದುಂಡನೆಯ ಟ್ಯೂಬ್ ಒಂದು ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಹತ್ತಿರ ದಡಕ್ಕೆ ಬಂತು. ಮೇಲೆ ಹಡಗಿನ ಹೆಸರಿತ್ತು. ಮನೆಯವರ ಪಾಲಿಗೆ ಸಿಕ್ಕಿದ್ದು ಅಷ್ಟೇ.

ನಾನು ಉಡುಪಿ ಕಡೆಯವನು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ 7 ಮೀನುಗಾರರ ಜೊತೆ ಕಾಣೆಯಾದಾಗ, ತಿಂಗಳುಗಟ್ಟಲೆ ಆ ಮನೆಯವರು ಅನುಭವಿಸಿದ್ದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಕೊನೆಗೆ ನೌಕಾಪಡೆಯವರಿಗೆ ಬೋಟಿನ ಅವಶೇಷವಾದರೂ ಸಿಕ್ಕಿತು. ಇಲ್ಲಿ ಅದೂ ಇಲ್ಲ.

ಸತ್ತವರಲ್ಲಿ ಡೆನ್ಮಾರ್ಕ್ ಸಂಸತ್ತಿನ ಗ್ರೀನ್‌ಲ್ಯಾಂಡ್ ಸದಸ್ಯ ಆಗೊ ಲುಂಗೆ ಕೂಡ ಇದ್ದರು. ದುರಂತದ ನಂತರ ದಕ್ಷಿಣ ಗ್ರೀನ್‌ಲ್ಯಾಂಡಿನ ನಾರ್ಸಾರ್ಸುವಾಕ್‌ನ ಹಳೆಯ ಅಮೆರಿಕನ್ ವಿಮಾನ ನಿಲ್ದಾಣವನ್ನು ಮತ್ತೆ ತೆರೆದು, ಅಲ್ಲಿಂದ ವಿಮಾನದಲ್ಲಿ ಹಾರಿ ಮಂಜುಗಡ್ಡೆ ಎಲ್ಲಿದೆ ಅಂತ ನೋಡಿ ಹಡಗುಗಳಿಗೆ ತಿಳಿಸುವ ವ್ಯವಸ್ಥೆ ಬಂತು. ಇದನ್ನು ಮೊದಲೇ ಮಾಡಬಹುದಿತ್ತು ಅನ್ನುವ ಸಿಟ್ಟು ನನಗೆ ಹೋಗುವುದೇ ಇಲ್ಲ.

ಇನ್ನೊಂದು ವಿಷಯ ನನಗೆ ಗೊತ್ತಾದದ್ದು ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಗ್ರೀನ್‌ಲ್ಯಾಂಡಿನ ಹೆಂಗಸಿನಿಂದ. ಆ ಹಡಗಿನಲ್ಲಿ 3 ಟನ್‌ಗೂ ಜಾಸ್ತಿ ಹಳೆಯ ದಾಖಲೆಗಳಿದ್ದವು. ಯಾರು ಯಾವಾಗ ಹುಟ್ಟಿದರು, ಯಾರನ್ನು ಮದುವೆಯಾದರು, ಯಾವಾಗ ಸತ್ತರು ಅಂತ ಗ್ರೀನ್‌ಲ್ಯಾಂಡಿನ ಚರ್ಚುಗಳು ತಲೆಮಾರುಗಳಿಂದ ಬರೆದಿಟ್ಟ ಪುಸ್ತಕಗಳೂ ಅದರಲ್ಲಿ ಸೇರಿದ್ದವು. ಭದ್ರವಾಗಿರಲಿ ಅಂತ ಡೆನ್ಮಾರ್ಕ್‌ಗೆ ಕಳಿಸಿದ್ದರು. ಎಲ್ಲ ನೀರುಪಾಲು. ಅವರ ಮುತ್ತಜ್ಜಿಯ ತಂದೆ ತಾಯಿ ಯಾರು ಅಂತ ಹುಡುಕಲು ಹೋದರೆ ಬೇಕಾದ ಪುಸ್ತಕವೇ ಇಲ್ಲ.

ಕೋಪನ್‌ಹೇಗನ್‌ಗೆ ಯಾರಾದರೂ ಬಂದರೆ ಕ್ರಿಶ್ಚಿಯನ್ಸ್‌ಹಾವ್ನ್‌ನ ದಕ್ಕೆಯಲ್ಲಿ, ಉತ್ತರ ಅಟ್ಲಾಂಟಿಕ್ ಭವನದ ಹತ್ತಿರ, ಈ 95 ಮಂದಿಯ ಸ್ಮಾರಕ ನೋಡಿ. ನಾನು ಆಫೀಸಿನ ಆ ಹೆಂಗಸಿನ ಜೊತೆಯೇ ಅಲ್ಲಿಗೆ ಹೋಗಿದ್ದೆ. ಅವರು ಈಗ ಊರಿನಲ್ಲಿರುವ ವಯಸ್ಸಾದ ನೆಂಟರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನೆನಪಿರುವ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ಇಬ್ಬರು ಹೇಳಿದ ಹೆಸರು ಹೊಂದಿಕೆಯಾಗದಿದ್ದರೆ ಎರಡನ್ನೂ ಬರೆದು, ಮೂರನೆಯವರಿಗೆ ಫೋನ್ ಮಾಡುತ್ತಾರೆ.