ಒಂದೇ ಜೋಡಿ ಸ್ಪೀಕರ್, ಹಾಡಿಗೂ ಸಿನಿಮಾಕ್ಕೂ

17 ಆಗಸ್ಟ್ 2024, ಶನಿವಾರ, ರಾತ್ರಿ

ಇವತ್ತು ಕೊನೆಗೂ ಹಾಡಿನ ಸೆಟ್ಟು, ಸಿನಿಮಾದ ಸೆಟ್ಟು ಎರಡನ್ನೂ ಸೇರಿಸಿದೆ. ಬೆಳಿಗ್ಗೆ ಟಾರ್ಚ್ ಹಿಡಿದು ಟಿವಿ ಸ್ಟ್ಯಾಂಡಿನ ಹಿಂದೆ ಕೂತವನು ಎದ್ದಾಗ ಸಂಜೆಯಾಗಿತ್ತು. ಮೊಣಕಾಲು ನೋಯುತ್ತಿದೆ, ಆದರೂ ಮರೆಯುವ ಮೊದಲು ಬರೆದಿಡುತ್ತೇನೆ.

ಇಷ್ಟು ದಿನ ಟಿವಿಯ ಅಕ್ಕಪಕ್ಕ ಎರಡೆರಡು ಜೋಡಿ ಸ್ಪೀಕರ್ ಇದ್ದವು. ಹಾಡಿಗೆ ಸ್ಟಿರಿಯೊ ಆಂಪ್ (ಆಂಪ್ಲಿಫೈಯರ್, ಸದ್ದನ್ನು ಜೋರು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ) ಮತ್ತು ಅದರ ಎರಡು ದೊಡ್ಡ ಸ್ಪೀಕರ್. ಸಿನಿಮಾಕ್ಕೆ ಹೋಮ್ ಥಿಯೇಟರ್ ರಿಸೀವರ್ (ಸಿನಿಮಾದ ಸದ್ದನ್ನು ಎಲ್ಲ ಸ್ಪೀಕರಿಗೂ ಹಂಚುವ ಪೆಟ್ಟಿಗೆ), ಅದಕ್ಕೆ ಮುಂದೆ ಎರಡು ಚಿಕ್ಕ ಸ್ಪೀಕರ್, ನಡುವೆ ಮಾತಿಗೆ ಸೆಂಟರ್, ಹಿಂದೆ ಎರಡು, ಮೂಲೆಯಲ್ಲಿ ಬರೀ ಬೇಸಿಗೆ ಅಂತ ಸಬ್‌ವೂಫರ್. ಒಳ್ಳೆಯ ಜಾಗವೆಲ್ಲ ಚಿಕ್ಕ ಜೋಡಿಗೆ ಹೋಗಿ, ದೊಡ್ಡವು ಗೋಡೆಗೆ ಅಂಟಿಕೊಂಡು ನಿಂತಿದ್ದವು, ಹಾಗಾಗಿ ಹಾಡಿನಲ್ಲಿ ಬೇಸ್ ಗುಮ್ ಅಂತ ಊದಿಕೊಳ್ಳುತ್ತಿತ್ತು. "ಎಲ್ಲಾ ರಿಸೀವರಿಗೇ ಹಾಕಿಬಿಡೋ ಅಣ್ಣಾ" ಅಂತ ತಮ್ಮ ಹೇಳುತ್ತಲೇ ಇದ್ದ. ಹಾಕಿಯೂ ನೋಡಿದೆ. ಹಾಡುವವರ ದನಿಗೆ ಮೊದಲಿನ ಮೈ ಇರಲಿಲ್ಲ. ನನ್ನ ಕಿವಿಗಂತೂ ಹಾಗೇ ಕೇಳಿಸಿತು, ಆ ಆಂಪ್ ಬಿಡಲು ಮನಸ್ಸೂ ಇಲ್ಲ.

ಮಾಡಿದ್ದು ಇಷ್ಟೇ. ರಿಸೀವರಿನ ಹಿಂದೆ ಮುಂದಿನ ಎಡ-ಬಲಕ್ಕೆ ಪ್ರೀ-ಔಟ್ ಇದೆ, ಅಂದರೆ ಜೋರು ಮಾಡುವ ಮೊದಲಿನ ಸಿಗ್ನಲ್ ಹೊರಬರುವ ಸಾಕೆಟ್ಟು (ಎಲ್ಲ ರಿಸೀವರಿಗೂ ಇರುವುದಿಲ್ಲ, ಕೊಳ್ಳುವ ಮೊದಲು ಹಿಂಭಾಗ ನೋಡಿ). ಅಲ್ಲಿಂದ ಒಂದು ಜೋಡಿ ಆರ್‌ಸಿಎ ವೈರ್ (ಕೆಂಪು-ಬಿಳಿ ಪಿನ್ನಿನ ಆಡಿಯೊ ವೈರ್) ಎಳೆದು ಸ್ಟಿರಿಯೊ ಆಂಪಿನ ಖಾಲಿ ಇನ್‌ಪುಟ್ಟಿಗೆ ಚುಚ್ಚಿದೆ. ದೊಡ್ಡ ಸ್ಪೀಕರ್ ಯಾವಾಗಲೂ ಸ್ಟಿರಿಯೊ ಆಂಪಿಗೇ ಸೇರಿರುತ್ತದೆ. ಹಾಡು ಕೇಳುವಾಗ ರಿಸೀವರ್ ಆನ್ ಮಾಡುವುದೇ ಬೇಡ. ಸಿನಿಮಾ ಹಾಕಿದಾಗ ರಿಸೀವರ್ ಮುಂದಿನ ಎರಡು ಚಾನೆಲ್ಲನ್ನು ಆಂಪಿಗೆ ಕೊಟ್ಟು, ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಎರಡೂ ಪೆಟ್ಟಿಗೆಯ ಸ್ಪೀಕರ್ ವೈರನ್ನು ಒಂದೇ ಸ್ಪೀಕರಿಗೆ ಮಾತ್ರ ಎಂದಿಗೂ ಕಟ್ಟಬೇಡಿ. ಒಂದರ ಕರೆಂಟು ಇನ್ನೊಂದಕ್ಕೆ ನುಗ್ಗಿ ಆಂಪ್ ಸುಟ್ಟುಹೋಗಬಹುದು.

ಕಷ್ಟ ಬಂದಿದ್ದು ವಾಲ್ಯೂಮ್ ಗುಂಡಿಯಲ್ಲಿ. ಕೆಲವು ಆಂಪಿನಲ್ಲಿ ಹೋಮ್ ಥಿಯೇಟರ್ ಬೈಪಾಸ್ ಅಂತ ಒಂದು ಇನ್‌ಪುಟ್ ಇರುತ್ತದೆ, ಅದರಲ್ಲಿ ಆಂಪಿನ ಗುಂಡಿ ಕೆಲಸವೇ ಮಾಡುವುದಿಲ್ಲ, ಎಲ್ಲ ಹಿಡಿತ ರಿಸೀವರಿನದು. (ಅದಕ್ಕೆ ತಪ್ಪಿ ಸಿಡಿ ಪ್ಲೇಯರ್ ಚುಚ್ಚಿದರೆ ಪೂರ್ತಿ ಸೌಂಡು ಒಮ್ಮೆಲೇ ಹೊಡೆಯುತ್ತದೆ, ಹುಷಾರು.) ನನ್ನದರಲ್ಲಿ ಆ ಸೌಲಭ್ಯ ಇಲ್ಲ. ಅಂದರೆ ಸಿನಿಮಾ ನೋಡುವಾಗೆಲ್ಲ ಗುಂಡಿ ಒಂದೇ ಜಾಗದಲ್ಲಿ ನಿಲ್ಲಬೇಕು, ಇಲ್ಲವಾದರೆ ಮುಂದಿನದು ಅಬ್ಬರಿಸಿ ಸೆಂಟರಿನ ಮಾತೇ ಮುಳುಗಿಹೋಗುತ್ತದೆ. ಮೊದಲು ಗುಂಡಿಯನ್ನು ಗಡಿಯಾರದ 12ರ ಕಡೆ ಇಟ್ಟು, ಕೂರುವ ಜಾಗದಲ್ಲಿ ಮೈಕ್ ನಿಲ್ಲಿಸಿ ಎಲ್ಲ ಸ್ಪೀಕರಿನ ಸೌಂಡು, ದೂರ ರಿಸೀವರಿನಿಂದಲೇ ಅಳತೆ ಮಾಡಿಸಿದೆ. ರಿಸೀವರ್ ಮುಂದಿನ ಎರಡನ್ನೂ ಮೈನಸ್ 12 ಡೆಸಿಬೆಲ್‌ಗೆ ಇಳಿಸಿತು. ಅದು ಇಳಿಸಬಹುದಾದ ಕೊನೆಯ ಮಟ್ಟ, ಇನ್ನೂ ಇಳಿಯಬೇಕಿತ್ತೋ ಏನೋ ಗೊತ್ತಾಗುವುದಿಲ್ಲ ಅಲ್ವಾ? ಗುಂಡಿಯನ್ನು ಹತ್ತಕ್ಕೆ ತಂದು ಮತ್ತೆ ಮಾಡಿದೆ. ಮೈನಸ್ 3 ಬಂತು, ಉಳಿದ ಸ್ಪೀಕರುಗಳ ಹತ್ತಿರಕ್ಕೇ. ತಂಗಿಯ ಕೆಂಪು ನೈಲ್ ಪಾಲಿಶ್ ತಂದು, ಬೆಂಕಿಕಡ್ಡಿಯ ತುದಿಯಿಂದ ಆಂಪಿನ ಮುಖದ ಮೇಲೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇಟ್ಟೆ. ಗುಂಡಿಯ ಗೆರೆ ಆ ಚುಕ್ಕೆಗೆ ಬಂದರೆ ಸಿನಿಮಾಕ್ಕೆ ರೆಡಿ.

ರಿಸೀವರ್ ನನ್ನ ದೊಡ್ಡ ಸ್ಪೀಕರುಗಳನ್ನು 'ಲಾರ್ಜ್' ಅಂತ ಹಾಕಿಕೊಂಡಿತ್ತು, ಅಂದರೆ ಬೇಸನ್ನೂ ಪೂರ್ತಿ ಅವಕ್ಕೇ ಕೊಡುತ್ತಿತ್ತು. 'ಸ್ಮಾಲ್' ಮಾಡಿ 80 ಹರ್ಟ್ಜ್‌ಗೆ ಕ್ರಾಸೋವರ್ (ಬೇಸ್ ಬೇರೆಯಾಗುವ ಗಡಿ) ಕೊಟ್ಟೆ, ಅದರ ಕೆಳಗಿನ ಸಿನಿಮಾದ ಗುಡುಗೆಲ್ಲ ಸಬ್‌ವೂಫರಿಗೆ ಹೋಗಲಿ ಅಂತ. ಸಬ್‌ವೂಫರಿನ ದೂರ ಟೇಪ್ ಅಳತೆಗಿಂತ ಜಾಸ್ತಿ ತೋರಿಸಿತು. ಅದನ್ನು ತಿದ್ದಲಿಲ್ಲ. ಅದರೊಳಗಿನ ಫಿಲ್ಟರ್ ಸದ್ದನ್ನು ತಡಮಾಡುತ್ತದೆ, ಆ ತಡವನ್ನೂ ರಿಸೀವರ್ ದೂರ ಅಂತಲೇ ಲೆಕ್ಕ ಹಾಕುತ್ತದೆ.

ಆಮೇಲೆ ಗುಂಯ್ ಅನ್ನುವ ಸದ್ದು. ಹಾಡು ನಿಂತಾಗಲೂ ಎರಡೂ ಸ್ಪೀಕರಿನಿಂದ ಸಣ್ಣಗೆ ಬರುತ್ತಿತ್ತು. ಆರ್‌ಸಿಎ ವೈರ್ ಕಿತ್ತರೆ ನಿಂತಿತು, ಹಾಕಿದರೆ ಮತ್ತೆ ಶುರು. ಒಂದೊಂದೇ ವೈರ್ ಕೀಳುತ್ತಾ ಹೋದೆ, ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಬಿಚ್ಚಿದ ಕೂಡಲೇ ಕೋಣೆ ತಣ್ಣಗಾಯಿತು. ಕೇಬಲ್ಲಿನ ಅರ್ತ್ ಬೇರೆ, ಪ್ಲಗ್ಗಿನ ಅರ್ತ್ ಬೇರೆ, ನಡುವೆ ಕರೆಂಟು ಸುತ್ತು ಹಾಕುತ್ತಿತ್ತು. ಆ ಸುತ್ತನ್ನು ಕಡಿದು ಸಿಗ್ನಲ್ ಮಾತ್ರ ಬಿಡುವ ಒಂದು ಐಸೊಲೇಟರ್ ಕೇಬಲ್ಲಿಗೆ ಸಿಕ್ಕಿಸಿದರೆ ಸರಿಹೋಗುತ್ತದೆ, ತರಬೇಕು. ಆಂಪಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತರೂ ಸದ್ದು ಹೋಗುತ್ತದೆ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಪಿನ್ ಇರುವುದು ಜೀವ ಉಳಿಸಲು.

ಚಿಕ್ಕ ಜೋಡಿ ಅಟ್ಟಕ್ಕೆ ಹೋಯಿತು. ದೊಡ್ಡವನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದು, ಟಿವಿಯ ಪರದೆಗಿಂತ ಮುಂದಕ್ಕೆ ನಿಲ್ಲಿಸಿದೆ. ಎರಡು ಸ್ಪೀಕರ್ ಮತ್ತು ನನ್ನ ತಲೆ ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ, 60 ಡಿಗ್ರಿ. ಹಾಡಿಗೆ ಇದೇ ಸರಿ, ಸಿನಿಮಾಕ್ಕೂ ನಡೆಯುತ್ತದೆ.

ಒಂದು ಕೊರತೆ ಉಳಿದಿದೆ. ಸೆಂಟರ್ ಬೇರೆ ಜಾತಿಯದು. ಪರದೆಯ ಎಡದಿಂದ ಬಲಕ್ಕೆ ನಡೆಯುತ್ತಾ ಮಾತಾಡುವವನ ದನಿ ನಡುವೆ ಬಂದಾಗ ಸ್ವಲ್ಪ ಮೂಗಿನಲ್ಲಿ ಆಡಿದ ಹಾಗೆ ಆಗುತ್ತದೆ. ದೊಡ್ಡ ಸ್ಪೀಕರಿನ ಕುಟುಂಬದ ಸೆಂಟರನ್ನೇ ಹುಡುಕಬೇಕು. ಅಲ್ಲಿಯವರೆಗೆ ಸೆಂಟರನ್ನು ಸೆಟ್ಟಿಂಗಿನಲ್ಲಿ ತೆಗೆದುಹಾಕಿ, ಮಾತನ್ನೂ ದೊಡ್ಡ ಜೋಡಿಗೇ ಹಂಚಿ ನೋಡೋಣ ಅಂತಿದ್ದೇನೆ. ನಡುವೆ ಕೂತವನಿಗೆ ಸಾಕಾಗುತ್ತದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ರಿಸೀವರ್, ಟಿವಿ ಎರಡನ್ನೂ ಆಫ್ ಮಾಡಿ, ಕೇಬಲ್ ಇನ್ನೂ ಬಿಚ್ಚಿಟ್ಟೇ, ಬರೀ ಆಂಪ್ ಹಚ್ಚಿ ಒಂದು ವೀಣೆಯ ಸಿಡಿ ಹಾಕಿದೆ. ಗುಂಡಿ ಕೆಂಪು ಚುಕ್ಕೆಗಿಂತ ತುಂಬಾ ಕೆಳಗೆ. ತಂತಿ ಮೀಟಿದ ಮೇಲೆ ಬೆರಳು ವೀಣೆಯ ಮೆಟ್ಟಿಲ ಮೇಲೆ ಜಾರುವ ಸಣ್ಣ ಸರ್ ಸದ್ದು, ಗೋಡೆಗೆ ಅಂಟಿದ್ದಾಗ ಕೇಳಿಸದೇ ಇದ್ದದ್ದು, ಟಿವಿಯ ಕಪ್ಪು ಪರದೆಯ ನಟ್ಟನಡುವಿನಿಂದ ಬಂತು.